ತೀರ್ಥಹಳ್ಳಿ ಕಡೆಯ ಹಳೇ ಮನೆ ಖಾಲಿ ಮಾಡಬೇಕು: ಮೊದಲು ಯಾವುದಕ್ಕೆ ಕೈ ಹಾಕೋದು?

ಜಗಲಿಕಟ್ಟೆ:
ಹೆಂಚಿನ ಮನೆ. ಅಪ್ಪ ಅಮ್ಮ ಇಲ್ಲ, ನಾವು ಮೂವರೂ ಊರು ಬಿಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಖಾಲಿಯಾಗಬೇಕು. ಅಟ್ಟದಲ್ಲಿ ಪಾತ್ರೆಗಳ ರಾಶಿ, ಎರಡು ಟ್ರಂಕ್ ಕಾಗದ, ಹಲಗೆ ನಡುವೆ ಕಟ್ಟಿದ ಓಲೆಗರಿ, ಮಡಚಿದ ಕಪ್ಪು ಬಟ್ಟೆಯ ಪುಸ್ತಕದಂಥದ್ದು ಒಂದು, ಗೋಡೆಯಲ್ಲಿ ಕಡವೆ ಕೊಂಬು. ಗುಜರಿಯವರು ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳುತ್ತಿದ್ದಾರೆ. ಓಲೆಗರಿಯನ್ನು ತಮ್ಮ ಅಮೆರಿಕಕ್ಕೆ ಒಯ್ಯುತ್ತೇನೆ ಅನ್ನುತ್ತಾನೆ.

ಪಹಣಿ_ಪತ್ರ:
ಗುಜರಿಯವರನ್ನು ಕೊನೆಗೆ ಕರೆಯಿರಿ. ಮೊದಲು ಟ್ರಂಕು. ಉಳಿದ ಸಾಮಾನನ್ನು ಏನು ಮಾಡಬಹುದು ಅನ್ನೋದೇ ಎಷ್ಟೋ ಸಲ ಅದರೊಳಗಿನ ಕಾಗದದ ಮೇಲೆ ನಿಂತಿರುತ್ತದೆ.

ಕಣ್ಣುಮುಚ್ಚಿ ಇಟ್ಟುಕೊಳ್ಳಬೇಕಾದವು: ಕ್ರಯಪತ್ರ, ವಿಭಾಗಪತ್ರ, ಉಯಿಲು, ಕಂದಾಯ ರಸೀದಿ, ಗಣಕೀಕರಣಕ್ಕೆ ಮೊದಲಿನ ಕೈಬರಹದ ಪಹಣಿ. ಗೇಣಿ ಜಮೀನಾಗಿದ್ದರೆ ಭೂನ್ಯಾಯ ಮಂಡಳಿಯ ಆದೇಶ ಮತ್ತು ನಮೂನೆ 10 (ಗೇಣಿದಾರರಿಗೆ ಜಮೀನಿನ ಹಕ್ಕು ಕೊಟ್ಟ ಪ್ರಮಾಣಪತ್ರ). ಇವು ಹರಿದಿದ್ದರೂ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸಲಾಗುವುದಿಲ್ಲ, ಅಸಲಿಯೋ ನಕಲೋ ನೋಡುವುದೂ ಕಷ್ಟ. ನೆರಳಲ್ಲಿ ಹರಡಿ ಒಣಗಿಸಿ, ಎರಡೂ ಬದಿ ಸ್ಕ್ಯಾನ್ ಮಾಡಿ. ಮೊಹರು, ಷರಾ ಹಿಂಬದಿಯಲ್ಲೇ ಇರುತ್ತವೆ.

ಹೆಸರೇ ಕೇಳಿರದ ಕಂಪನಿಯ ಷೇರು ಪತ್ರವನ್ನೂ ಎಸೆಯಬೇಡಿ, ಅದು ಬೇರೆ ಕಂಪನಿಯಲ್ಲಿ ವಿಲೀನವಾಗಿರಬಹುದು. ಕಾಗದದ ಷೇರುಗಳ ವರ್ಗಾವಣೆ 2019ರ ಏಪ್ರಿಲ್‌ನಿಂದ ನಿಂತಿದೆ, ಆದರೆ ವಾರಸುದಾರರ ಹೆಸರಿಗೆ ಮಾಡಿಸಲು ಈಗಲೂ ದಾರಿ ಇದೆ. ಡಿವಿಡೆಂಡ್ ಸತತ 7 ವರ್ಷ ಯಾರೂ ಪಡೆಯದಿದ್ದರೆ ಷೇರು ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗಿರುತ್ತದೆ, ಅಲ್ಲಿಂದಲೂ ವಾಪಸ್ ಕೇಳಬಹುದು. ಹಳೇ ಠೇವಣಿ ರಸೀದಿ ಸಿಕ್ಕರೆ ರಿಸರ್ವ್ ಬ್ಯಾಂಕಿನ ಉದ್ಗಮ್ ತಾಣದಲ್ಲಿ ಅಪ್ಪ ಅಮ್ಮನ ಹೆಸರು ಹಾಕಿ ಹುಡುಕಿ. ಕರೆಂಟ್ ಬಿಲ್, ಆಮಂತ್ರಣ ಪತ್ರಿಕೆ ರದ್ದಿಗೆ ಹೋಗಲಿ.

ಕೊಂಬಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅದನ್ನು ಮಾರುವಂತಿಲ್ಲ, ಅನುಮತಿ ಇಲ್ಲದೆ ಕಾರಲ್ಲಿ ಬೆಂಗಳೂರಿಗೆ ಒಯ್ಯುವಂತೆಯೂ ಇಲ್ಲ. ಅರಣ್ಯ ಇಲಾಖೆಯ ಮಾಲೀಕತ್ವದ ಪ್ರಮಾಣಪತ್ರ ಅದೇ ಟ್ರಂಕಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಗೋಡೆಯಿಂದ ಇಳಿಸುವ ಮೊದಲು ವಕೀಲರ ಜೊತೆ ಮಾತಾಡಿ, ಆಮೇಲೆ ವಲಯ ಅರಣ್ಯಾಧಿಕಾರಿಯ ಬಳಿ ಹೋಗಿ.

ಓಲೆಗರಿ:
ಆ ಕಪ್ಪು ಬಟ್ಟೆ ಬಹುಶಃ ಕಡತ, ಅಂದರೆ ಹಿಂದೆ ಲೆಕ್ಕಪತ್ರ ಬರೆದಿಡುತ್ತಿದ್ದ ಬಟ್ಟೆಯ ಪುಸ್ತಕ. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ! ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮೇಲೆ ಬಳಪದಲ್ಲಿ ಬರೆದಿರುತ್ತಾರೆ. ನೀರು ತಾಗಿದರೆ ಅಕ್ಷರವೇ ಹೋಗುತ್ತದೆ. ಧೂಳು ಅಂತ ಒರೆಸಿ ಎಷ್ಟೋ ಮನೆಗಳ ಲೆಕ್ಕಪತ್ರ ಅಳಿಸಿಹೋಗಿವೆ.

ಓಲೆಯ ದಾರ ಬಿಚ್ಚಬೇಡಿ, ಗರಿಗಳ ಕ್ರಮ ತಪ್ಪುತ್ತದೆ. ಅಂಟಿಕೊಂಡಿದ್ದರೆ ಎಳೆಯಬೇಡಿ, ಸೀಳುತ್ತದೆ. ಅಡುಗೆ ಎಣ್ಣೆ ಸವರಬೇಡಿ. ಪ್ಲಾಸ್ಟಿಕ್ ಕವರಲ್ಲಿ ಹಾಕಿದರೆ ಮಲೆನಾಡಿನ ತೇವಕ್ಕೆ ಬೂಷ್ಟು ಬರುತ್ತದೆ. ಗಂಜಿ ಹಾಕದ ಹತ್ತಿಬಟ್ಟೆಯಲ್ಲಿ ಸುತ್ತಿ. ಗಂಜಿ ಇದ್ದರೆ ಹುಳ ಬರುತ್ತವೆ. ನಿಮ್ಮ ಜಿಲ್ಲೆಯಲ್ಲೇ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಮೊದಲು ಫೋಟೊ ಕಳಿಸಿ ಕೇಳಿ.

ತಮ್ಮನಿಗೆ ಹೇಳಿ: 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ವಿದೇಶಕ್ಕೆ ಒಯ್ಯುವಂತಿಲ್ಲ. ಡಿಜಿಟಲ್ ಪ್ರತಿ ಒಯ್ಯಲಿ.

ಕಲಾಯಿ:
ಒಟ್ಟು ಮೊತ್ತಕ್ಕೆ ಒಪ್ಪಿದರೆ ನಷ್ಟ ನಿಮಗೇ. ಪಾತ್ರೆಯ ಒಂದು ರೂಪಾಯಿ ಅಗಲದ ಜಾಗವನ್ನು ಹುಣಸೆಹಣ್ಣು, ಉಪ್ಪಿನಲ್ಲಿ ಉಜ್ಜಿ. ಕೆಂಪಾದರೆ ತಾಮ್ರ, ಹಳದಿಯಾದರೆ ಹಿತ್ತಾಳೆ. ಮಂಕು ಹಳದಿಯಾಗಿದ್ದು, ದಾರದಲ್ಲಿ ತೂಗುಬಿಟ್ಟು ಮರದ ಸೌಟಲ್ಲಿ ತಟ್ಟಿದಾಗ ನಾದ ಬಹಳ ಹೊತ್ತು ನಿಂತರೆ ಕಂಚು. ಕಂಚನ್ನು ಹಿತ್ತಾಳೆ ರೇಟಿಗೆ ಕೊಡುವುದೇ ಎಲ್ಲರೂ ಮಾಡುವ ತಪ್ಪು. ಅದನ್ನು ಅಟ್ಟದಿಂದ ಕೆಳಗೆ ಹಾಕಲೂಬೇಡಿ, ತವರ ಬೆರೆತ ಲೋಹ, ಬಿರುಕು ಬಿಡುತ್ತದೆ.

ತೂಗುಹಾಕುವ ತಕ್ಕಡಿಯಲ್ಲಿ ಲೋಹವಾರು ತೂಕ ಮನೆಯಲ್ಲೇ ಬರೆದುಕೊಳ್ಳಿ. ಹಂಡೆಯ ಕಬ್ಬಿಣದ ಕಡಗ ತೆಗೆಸಿ, ಒಳಗಿನ ಗಾರೆಯಂಥ ಉಪ್ಪು, ಹೊರಗಿನ ಮಸಿ ಕೆರೆದುಬಿಡಿ. ಇವನ್ನೇ ನೆಪ ಮಾಡಿ ಅಂದಾಜಿನಲ್ಲಿ ತೂಕ ಕಳೆಯುತ್ತಾರೆ. ಅಡಿಕೆ ಬೇಯಿಸುವ ತಾಮ್ರದ ಹಂಡೆ ತೂತಿಲ್ಲದಿದ್ದರೆ ಗುಜರಿಗೆ ಹಾಕಬೇಡಿ, ಸುತ್ತಮುತ್ತ ತೋಟದವರು ಯಾರಿಗಾದರೂ ಬೇಕಾಗಿರುತ್ತದೆ. ಕಂಠದ ಮೇಲೆ ಚುಕ್ಕಿ ಕೊರೆದ ಹೆಸರು ಓದಿ. ದೇವಸ್ಥಾನದ್ದೋ ನೆಂಟರದ್ದೋ ಆಗಿದ್ದರೆ ವಾಪಸ್ ಕೊಡಬೇಕು.

ಜಗಲಿಕಟ್ಟೆ:
ಅಕ್ಕನಿಗೆ ಎಲ್ಲವೂ ಬೇಕು. ಅವರ ಫ್ಲಾಟಿನಲ್ಲಿ ಜಾಗ ಇಲ್ಲ.

ಕಲಾಯಿ:
ಬಳಸುವಂಥದ್ದನ್ನು ಮಾತ್ರ ಆರಿಸಲಿ: ಅನ್ನಕ್ಕೊಂದು ಹಿತ್ತಾಳೆ ಪಾತ್ರೆ, ನೀರಿಗೊಂದು ತಾಮ್ರದ ಬಿಂದಿಗೆ, ದೇವರ ದೀಪ. ಹಿತ್ತಾಳೆಗೆ ಒಳಗೆ ಕಲಾಯಿ (ತವರದ ಲೇಪ) ಹಾಕಿಸದೆ ಹುಳಿ ಪದಾರ್ಥ ಮಾಡಬಾರದು, ಲೋಹ ಬಿಡುತ್ತದೆ. ಕಲಾಯಿಯವರು ಸಿಗುವುದು ಕಡಿಮೆಯಾಗಿದೆ. ಅವರ ಊರಿನಲ್ಲಿ ಸಿಗುತ್ತಾರಾ ಅಂತ ವಿಚಾರಿಸಿಕೊಂಡೇ ಎಷ್ಟು ಪಾತ್ರೆ ಅಂತ ತೀರ್ಮಾನಿಸಲಿ.