ಸೀಗಡಿ ‘ಪೊರೆ ಬಿಡುತ್ತದೆ’ ಅನ್ನಬಹುದೇ? ‘ಮೈಗೆ ಹತ್ತುತ್ತಿಲ್ಲ’ ಅಂತ ಬರೆದರೆ ತಪ್ಪೇ?

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ.

ತೊಗರಿ ಊರಿನವನಿಗೆ ಸೀಗಡಿ ಉಸಾಬರಿ ಯಾಕೆ ಅಂತ ಕೇಳಬೇಡಿ. ತಂಗಿ ಮಗ ಆಂಧ್ರದ ಭೀಮವರಂ ಹತ್ತಿರ ಸೀಗಡಿ ಕೆರೆಯಲ್ಲಿ ಕೆಲಸಕ್ಕಿದ್ದಾನೆ, ಜೊತೆಗೆ ಯಾದಗಿರಿ ಕಡೆಯ ನಾಲ್ಕೈದು ಹುಡುಗರು. ತೆಲುಗು ಮಾತಾಡುತ್ತಾರೆ, ಓದಲು ಬರುವುದಿಲ್ಲ. ‘ಮಾಮಾ, ಈ ಇಎಚ್‌ಪಿ ಅಂದ್ರೇನು, ಕನ್ನಡದಾಗ ಎರಡು ಪುಟ ಬರ್ದು ಕೊಡು’ ಅಂದ. ಇಎಚ್‌ಪಿ ಅಂದರೆ ಸೀಗಡಿಯೊಳಗೆ ಸೇರಿ ಅದನ್ನು ಬೆಳೆಯಗೊಡದ, ಕಣ್ಣಿಗೆ ಕಾಣದ ಒಂದು ಜೀವಿ. ಬರೆಯಲು ಕೂತೆ, ಪದಕ್ಕೆ ಸಿಕ್ಕಿಬಿದ್ದೆ.

ಅವನು ಕಳಿಸಿದ ಫೋಟೋದಲ್ಲಿ ಅಂಗೈ ಮೇಲೆ ಎರಡು ಸೀಗಡಿ ಇವೆ. ಒಂದೇ ಕೆರೆ, ಒಂದೇ ದಿನ ಬಿಟ್ಟ ಮರಿ. ಒಂದು ನಡುಬೆರಳಿನಷ್ಟು, ಇನ್ನೊಂದು ಅದರ ಅರ್ಧ. ಸತ್ತಿಲ್ಲ, ಮೇವು ತಿನ್ನುತ್ತದೆ, ಬೆಳೆಯುವುದಿಲ್ಲ ಅಷ್ಟೆ. ಇದನ್ನು ‘ಬೆಳವಣಿಗೆ ಕುಂಠಿತ’ ಅಂತ ಬರೆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ‘ಸೊರಗಿದೆ’ ಅನ್ನೋಣ ಅಂದರೆ ಅದು ಬಡಕಲಾಗಿಲ್ಲ, ಸಣ್ಣದಿದೆ. ನಮ್ಮವ್ವ ಹೊಟ್ಟೆಯಲ್ಲಿ ಜಂತು ಆದ ಮಕ್ಕಳನ್ನು ನೋಡಿ ‘ಉಂಡದ್ದು ಮೈಗೆ ಹತ್ತವಲ್ದು’ ಅನ್ನುತ್ತಿದ್ದಳು. ನನಗೆ ಅದೇ ಸರಿ ಅನಿಸುತ್ತದೆ, ಯಾಕಂದರೆ ನಡೆಯುವುದೂ ಅದೇ. ಈ ಜೀವಿ ಸೀಗಡಿಯ ತಲೆಚಿಪ್ಪಿನೊಳಗಿನ ಕಂದು ಗಡ್ಡೆಯ, ಅವರು ಎಚ್‌ಪಿ ಅನ್ನುತ್ತಾರಲ್ಲ ಅದರ, ಜೀವಕೋಶದ ಒಳಗೇ ಮನೆ ಮಾಡಿ ಅಲ್ಲಿನ ಶಕ್ತಿಯನ್ನು ಕದಿಯುತ್ತದೆ. ಮೇವು ಅರಗಿಸುವುದು, ಕೊಬ್ಬು ಕೂಡಿಡುವುದು ಎಲ್ಲ ಆ ಗಡ್ಡೆಯ ಕೆಲಸ. ಈ ಜೀವಿಗೆ ಹೆಸರಿಟ್ಟದ್ದು 2009ರಲ್ಲಿ, ಥಾಯ್ಲೆಂಡಿನ ಟೈಗರ್ ಸೀಗಡಿಯಲ್ಲಿ ಕಂಡ ಮೇಲೆ. ಹುಡುಗರು ‘ಹುಳ’ ಅನ್ನುತ್ತಾರೆ. ಹುಳ ಅಲ್ಲ, ಬೂಷ್ಟಿನ (ಶಿಲೀಂಧ್ರದ) ದೂರದ ನೆಂಟ. ಹುಳ ಅಂತ ಬರೆದರೆ ಸುಮ್ನೆ ಹುಳದ ಔಷಧಿ ಸುರಿಯುತ್ತಾರೆ, ಅಲ್ವಾ?

ಜಾಸ್ತಿ ಕಷ್ಟ ಕೊಟ್ಟದ್ದು ಹಾರ್ಮೋನಿನ ಭಾಗ. ಸೀಗಡಿ ನಮ್ಮ ಹಾಗೆ ದಿನಾ ಒಂದಿಷ್ಟು ಬೆಳೆಯುವುದಿಲ್ಲ. ಹಳೇ ಚಿಪ್ಪು ಕಳಚಿ, ನೀರು ಹೀರಿ ಉಬ್ಬಿ, ಹೊಸದು ಗಟ್ಟಿಯಾಗುವುದರೊಳಗೆ ದೊಡ್ಡದಾಗಬೇಕು. ಕಣ್ಣಿನ ಕಡ್ಡಿಯಲ್ಲಿ ಹುಟ್ಟುವ ಒಂದು ಹಾರ್ಮೋನ್ ‘ಈಗ ಬೇಡ’ ಅಂತ ತಡೆಯುತ್ತಿರುತ್ತದೆ. ಅದು ಇಳಿದಾಗ ಎಕ್ಡೈಸೋನ್ ಅನ್ನುವ ಇನ್ನೊಂದು ಹಾರ್ಮೋನ್ ಏರಿ ಚಿಪ್ಪು ಕಳಚುತ್ತದೆ. ಎಕ್ಡೈಸೋನ್ ತಯಾರಾಗುವುದು ಕೊಲೆಸ್ಟ್ರಾಲಿನಿಂದ, ಅದನ್ನು ಸೀಗಡಿ ತಾನೇ ಮಾಡಿಕೊಳ್ಳಲಾರದು, ಮೇವಿನಿಂದಲೇ ಬರಬೇಕು. ಇನ್ನು ಅರಗಿಸುವ ಗಡ್ಡೆಯೇ ಕೆಟ್ಟು, ಕೂಡಿಟ್ಟ ಕೊಬ್ಬೂ ಬರಿದಾದರೆ ಕಳಚುವ ಕಸುವು ಎಲ್ಲಿಂದ ಬರಬೇಕು?

ಈ ಕಳಚುವುದಕ್ಕೆ ನಾನು ‘ಪೊರೆ ಬಿಡುವುದು’ ಅಂತ ಬರೆದಿದ್ದೇನೆ. ಪಕ್ಕದ ಮನೆಯವರು, ರಾಮನಗರ ಕಡೆಯವರು, ಒಪ್ಪಲಿಲ್ಲ. ‘ಪೊರೆ ಹಾವಿಗೆ ರೀ, ನಮ್ಮ ರೇಷ್ಮೆ ಹುಳಕ್ಕೆ ಜ್ವರ ಅಂತೀವಿ, ಒಂದನೇ ಜ್ವರ, ಎರಡನೇ ಜ್ವರ’ ಅಂದರು. ಪದ ಚೆನ್ನಾಗಿದೆ. ರೇಷ್ಮೆಯ ಪೆಬ್ರಿನ್ ರೋಗದ ಜೀವಿಯೂ ಇಎಚ್‌ಪಿಯ ಬಳಗದ್ದೇ, ಹಾಗಾಗಿ ನೆಂಟಸ್ತಿಕೆಯೂ ಇದೆ. ಆದರೆ ‘ಸೀಗಡಿಗೆ ಜ್ವರ ಬರುತ್ತಿಲ್ಲ’ ಅಂತ ಬರೆದರೆ ನಮ್ಮ ಹುಡುಗರು ಒಳ್ಳೇದೇ ಆಯ್ತಲ್ಲ ಅಂದುಕೊಳ್ಳುತ್ತಾರೆ!

ಇನ್ನೊಂದು ತಕರಾರು ‘ಕೌಂಟ್’. ಕಿಲೋಗೆ 100 ಸೀಗಡಿ ತೂಗಿದರೆ 100 ಕೌಂಟ್, 50 ತೂಗಿದರೆ 50 ಕೌಂಟ್. ಹಾಗಾಗಿ ‘ಕೌಂಟ್ ಇಳೀತಿಲ್ಲ’ ಅಂದರೆ ಅಲ್ಲಿ ಅಳುವ ಮಾತು. ಇದನ್ನು ಹಾಗೇ ಬಿಟ್ಟಿದ್ದೇನೆ, ಅವರಿಗೆ ಬಾಯಿಪಾಠ.

ನನಗೆ ಬೇಕಾದದ್ದು ಎರಡು. ಕರಾವಳಿಯವರು ಏಡಿ, ಸೀಗಡಿ ಚಿಪ್ಪು ಕಳಚುವುದಕ್ಕೆ ಮನೆಯಲ್ಲಿ ಏನನ್ನುತ್ತೀರಿ? ಮತ್ತೆ ‘ಮೈಗೆ ಹತ್ತುತ್ತಿಲ್ಲ’ ಅಂದರೆ ಮೈಸೂರು ಕಡೆಯವರಿಗೆ ಅರ್ಥವಾಗುತ್ತದೆಯೇ, ಇಲ್ಲ ಮೈಗೆ ಏನೋ ಅಂಟಿಕೊಂಡಿಲ್ಲ ಅಂತ ಓದುತ್ತೀರಾ? ಹುಡುಗ ದಿನಾ ಫೋನ್ ಮಾಡುತ್ತಿದ್ದಾನೆ, ಬೇಗ ತಿಳಿಸಿ.