ಬೇಹುಗಾರಿಕೆಯ ಆರೋಪ ಹೊತ್ತವನಿಗೂ ಹಕ್ಕಿದೆ, ಚಿಕ್ಕಪ್ಪ

ಚಿಕ್ಕಪ್ಪ, ನಮಸ್ಕಾರ. ಪರದೇಶದಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಸಿಕ್ಕಿಬಿದ್ದವನಿಗೆ ಹಕ್ಕು ಎಲ್ಲಿಂದ ಬರಬೇಕು, ಅಲ್ಲಿನ ಸರ್ಕಾರ ಹೇಳಿದ್ದೇ ಕಾನೂನಲ್ಲವೇ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಈ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಆದ್ದರಿಂದ ಉತ್ತರ ಉದ್ದವಾದರೂ ದಯವಿಟ್ಟು ಪೂರ್ತಿ ಕೇಳಿ.

ಆ ಹಕ್ಕು ಇರುವುದು ಕಾನ್ಸುಲರ್ ಸಂಬಂಧಗಳ, ಅಂದರೆ ಪರದೇಶದಲ್ಲಿರುವ ತನ್ನ ಪ್ರಜೆಗಳಿಗೆ ದೂತಾವಾಸದ ಮೂಲಕ ನೆರವಾಗುವುದರ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ. ಬಂಧಿತ ವಿದೇಶಿ ಪ್ರಜೆ ಕೇಳಿಕೊಂಡರೆ ಅವನ ದೇಶದ ದೂತಾವಾಸಕ್ಕೆ ತಡಮಾಡದೆ ಸುದ್ದಿ ಮುಟ್ಟಿಸಬೇಕು. ಹಾಗೆ ಕೇಳಿಕೊಳ್ಳುವ ಹಕ್ಕು ಅವನಿಗಿದೆ ಎಂಬುದನ್ನೂ ಬಂಧಿಸಿದವರೇ ಅವನಿಗೆ ತಿಳಿಸಬೇಕು. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯ. ಅಮೆರಿಕದ ಅರಿಜೋನಾದಲ್ಲಿ 1982ರಲ್ಲಿ ಕೊಲೆ ಆರೋಪದ ಮೇಲೆ ಬಂಧಿತರಾದ ಲಾಗ್ರಾಂಡ್ ಸಹೋದರರು ಜರ್ಮನಿಯ ಪ್ರಜೆಗಳು. ಅದು ರಾಜಕೀಯ ಪ್ರಕರಣವೇನಲ್ಲ. ಆದರೂ ಅವರಿಗೆ ಈ ಹಕ್ಕನ್ನು ಅಧಿಕೃತವಾಗಿ ತಿಳಿಸಿದ್ದು 1998ರ ಡಿಸೆಂಬರ್‌ನಲ್ಲಿ, ಅಂದರೆ ಹದಿನಾರು ವರ್ಷಗಳ ನಂತರ. ಮುಂದಿನ ಮೂರು ತಿಂಗಳೊಳಗೆ ಇಬ್ಬರಿಗೂ ಮರಣದಂಡನೆ ಜಾರಿಯಾಯಿತು.

ಇನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಆರೋಪವನ್ನು ತಿಳಿಯುವ ಹಾಗೂ ನ್ಯಾಯಾಲಯದಲ್ಲಿ ಉಚಿತವಾಗಿ ದುಭಾಷಿಯನ್ನು ಪಡೆಯುವ ಹಕ್ಕನ್ನು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ ಕೊಡುತ್ತದೆ.

ಈಗ ನಿಮ್ಮ ಪ್ರಶ್ನೆಗೇ ಬರುತ್ತೇನೆ. ಬೇಹುಗಾರಿಕೆಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಬಂಧಿತರಾಗಿ ಮರಣದಂಡನೆಗೆ ಗುರಿಯಾದ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ ಪಾಕಿಸ್ತಾನ ಮಂಡಿಸಿದ್ದು ಹೆಚ್ಚುಕಡಿಮೆ ನಿಮ್ಮ ವಾದವನ್ನೇ. ಬೇಹುಗಾರನಿಗೆ 36ನೇ ವಿಧಿ ಅನ್ವಯಿಸುವುದಿಲ್ಲ ಎಂದದ್ದಲ್ಲದೆ, ರಾಜಕೀಯ ಅಥವಾ ಭದ್ರತೆಯ ಕಾರಣಕ್ಕೆ ಬಂಧನವಾದರೆ ಆಯಾ ದೇಶವೇ ಪ್ರಕರಣವನ್ನು ಪರಿಶೀಲಿಸಬಹುದು ಎಂಬ ಭಾರತ-ಪಾಕಿಸ್ತಾನಗಳ ನಡುವಿನ 2008ರ ದ್ವಿಪಕ್ಷೀಯ ಒಪ್ಪಂದದ ಒಂದು ಸಾಲನ್ನೂ ಅದು ಮುಂದಿಟ್ಟಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ಆ ಎರಡು ವಾದಗಳನ್ನೂ ತಳ್ಳಿಹಾಕಿತು. ಬೇಹುಗಾರಿಕೆಗೆ ವಿನಾಯಿತಿ ಕೊಡುವ ಪದವೇ ಆ ವಿಧಿಯಲ್ಲಿಲ್ಲ. ಆರೋಪ ಎಷ್ಟು ದೊಡ್ಡದೋ ಬಂಧಿತ ಅಷ್ಟೇ ಒಂಟಿಯಾಗುತ್ತಾನೆ. ಹೀಗಿರುವಾಗ ಅಂಥವನಿಂದಲೇ ಈ ಹಕ್ಕನ್ನು ಕಿತ್ತುಕೊಂಡರೆ ಅದು ಇದ್ದೂ ಇಲ್ಲದಂತಾಗುತ್ತಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ. ಪಾಕಿಸ್ತಾನವೇ ಹೇಳಿದಂತೆ ಬಂಧನವಾದದ್ದು 2016ರ ಮಾರ್ಚ್ 3ರಂದು, ಭಾರತಕ್ಕೆ ತಿಳಿಸಿದ್ದು ಮಾರ್ಚ್ 25ರಂದು. ಆ ಮೂರು ವಾರಗಳ ವಿಳಂಬವೂ ವಿಯೆನ್ನಾ ಒಪ್ಪಂದದ ಉಲ್ಲಂಘನೆ ಎಂದೇ ತೀರ್ಪಾಯಿತು.

ಹಾಗಾದರೆ ಜಾಧವ್ ಅವರ ಬಿಡುಗಡೆ ಏಕೆ ಆಗಲಿಲ್ಲ ಎಂದು ಅತ್ತೆ ಕೇಳಿದ್ದಾರೆ. ಬಿಡುಗಡೆ ಮಾಡಬೇಕೆಂಬ ಭಾರತದ ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ ಅತ್ತೆ; ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲಿಗೇರಿಸಬಾರದು ಎಂದಿತು. 36ನೇ ವಿಧಿ ಜೈಲಿನ ಬಾಗಿಲನ್ನು ತೆರೆಸುವುದಿಲ್ಲ. ಅಧಿಕಾರಿ ಬಂದು ಭೇಟಿಯಾಗಬಹುದು, ಮಾತನಾಡಬಹುದು, ವಕೀಲರನ್ನು ಗೊತ್ತುಮಾಡಬಹುದು, ಅಷ್ಟೇ. ಆದರೆ ಆ ಅಷ್ಟಕ್ಕಾಗಿ, ಭಾರತದ ಒಬ್ಬ ರಾಜತಾಂತ್ರಿಕ ಅಧಿಕಾರಿ ಜಾಧವ್ ಅವರ ಎದುರು ಕುಳಿತು ಮಾತನಾಡುವುದಕ್ಕಾಗಿ, 2019ರ ಸೆಪ್ಟೆಂಬರ್ 2ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸೇನಾ ನ್ಯಾಯಾಲಯ ಅವರಿಗೆ ಮರಣದಂಡನೆ ವಿಧಿಸಿ ಎರಡು ವರ್ಷ ದಾಟಿತ್ತು.