ಮುಟ್ಟಿನ ನೋವಿಗೆ ಕೈರೋಪ್ರಾಕ್ಟಿಕ್: ಮಾಡಿಸಿದವರಿದ್ದರೆ ಹೇಳಿ

ಪ್ರಶ್ನೆ: ನನಗೆ 29 ವರ್ಷ. ಮುಟ್ಟಿನ ಮೊದಲ ಎರಡು ದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ಬೆನ್ನುಮೂಳೆ ಸರಿ ಮಾಡಿದರೆ ಈ ನೋವೂ ಹೋಗುತ್ತದೆ ಅಂತ ಇಲ್ಲಿ ಬೆಂಗಳೂರಿನಲ್ಲಿ ಒಬ್ಬ ಕೈರೋಪ್ರಾಕ್ಟರ್ (ಕೈಯಿಂದ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಮಾಡುವವರು) ಹೇಳಿದ್ದಾರೆ. 10 ಸಿಟ್ಟಿಂಗ್ ಪ್ಯಾಕೇಜ್. ದುಡ್ಡು ಕಟ್ಟಲಾ?

ಉತ್ತರ: ಇವತ್ತೇ ಕಟ್ಟಬೇಡಿ ಅಕ್ಕ. ನಾನು ಅಮೆರಿಕದಲ್ಲಿದ್ದಾಗ ಮಾಡಿಸಿದ್ದೆ. ಇದು 1895ರಲ್ಲಿ ಅಲ್ಲಿನ ಅಯೋವಾದಲ್ಲೇ ಶುರುವಾದ ಪದ್ಧತಿ, ಊರೂರಲ್ಲೂ ಸಿಗುತ್ತಾರೆ. ನಾನು ಹೋಗಿದ್ದು ಸೊಂಟನೋವಿಗೆ. ಬೋರಲು ಮಲಗಿಸಿ ಫಟ್ಟನೆ ಒತ್ತುತ್ತಾರೆ, ನೆಟಿಗೆ ತೆಗೆದ ಹಾಗೆ ಸದ್ದು. ಸೊಂಟ ಹಗುರವಾಗಿದ್ದು ನಿಜ. ಗರ್ಭಕೋಶದ ನರಗಳೂ ಬೆನ್ನಿನಿಂದಲೇ ಬರುತ್ತವೆ, ಮುಟ್ಟಿನ ನೋವೂ ಹೋಗುತ್ತದೆ ಅಂದರು. ನಂಬಿದೆ. ಆರು ತಿಂಗಳು ಹೋದೆ. ಆ ನೋವು ಮಾತ್ರ ಹಾಗೇ ಇತ್ತು.

ಆಮೇಲೆ ಹುಡುಕಿ ಓದಿದೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 138 ಹೆಂಗಸರಿದ್ದರು. ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಹಗುರವಾಗಿ ಒತ್ತಿದ್ದಷ್ಟೇ. ಎರಡು ಗುಂಪಿನವರ ನೋವಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮುಟ್ಟಿನಲ್ಲಿ ಗರ್ಭಕೋಶವನ್ನು ಹಿಂಡುವುದು ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ. ಮೆಫೆನಮಿಕ್ ಆಸಿಡ್, ಐಬುಪ್ರೊಫೇನ್ ಮಾತ್ರೆಗಳು ಅದನ್ನೇ ತಗ್ಗಿಸುತ್ತವೆ. ಅದಕ್ಕೇ ನೋವು ಜೋರಾಗುವ ಮುಂಚೆ ತೆಗೆದುಕೊಂಡರೆ ಜಾಸ್ತಿ ಉಪಯೋಗ. ಹೊಟ್ಟೆಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ನುಂಗಬೇಡಿ.

ಹೋದ ದುಡ್ಡಿಗಿಂತ ಆ ಆರು ತಿಂಗಳು ನೆನೆದರೆ ಸಂಕಟವಾಗುತ್ತದೆ. ನನಗಿದ್ದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆಯುವ ಕಾಯಿಲೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ, ಕೊನೆಗೆ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವುದು) ಗೊತ್ತಾಯಿತು. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಹೋದರೂ ನೋವು, ಗಂಡನ ಜೊತೆ ಸೇರಿದಾಗಲೂ ನೋವು. ಇದನ್ನೆಲ್ಲ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೂ ಹೀಗಾಗುತ್ತಿದ್ದರೆ ಲೇಡಿ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

ಇನ್ನೊಬ್ಬರು: ನಾನು ಮೈಸೂರಿನವಳು. ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ನನಗೆ ತುಂಬಾ ಆರಾಮ. ಆದರೆ ನನ್ನ ತಂಗಿಯ ವಿಷಯ ಬೇರೆ. ಮಗುವಾದರೆ ಸರಿಹೋಗುತ್ತದೆ ಅಂತ ಮನೆಯಲ್ಲಿ ಹೇಳುತ್ತಲೇ ಬಂದರು, ಅವಳಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇತ್ತು. ಬೆನ್ನು ಒತ್ತಿದರೆ ಗಡ್ಡೆ ಕರಗುವುದಿಲ್ಲ ಅಲ್ವಾ? ರಕ್ತ ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಕೂಡ ನೋಡಿಸಿ, ಅವಳಿಗೆ ಬರೀ 7 ಇತ್ತು.

ಪ್ರಶ್ನೆ ಕೇಳಿದವರು: ಮಾತ್ರೆ ನುಂಗಿದರೂ ನನಗೆ ನೋವು ನಿಲ್ಲುತ್ತಿಲ್ಲ. ಕಕ್ಕಸಿನ ವಿಷಯ ಓದಿ ಕೈ ನಡುಗಿತು, ನನಗೂ ಹಾಗೇ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ.